ಹೊಗೆ ಎಲ್ಲಿಗೆ ಹೋಗುತ್ತದೆ?

ಹಳೆಯ ಮನೆಗಳಲ್ಲಿ ಬಚ್ಚಲಿಗೆ ತನ್ನದೇ ಆದ ಒಂದು ಘನತೆಯಿತ್ತು. ಮೂಲೆಯಲ್ಲಿ ಒಲೆ, ಒಲೆಯ ಮೇಲೆ ಕತ್ತಿನವರೆಗೆ ಗಾರೆಯಲ್ಲಿ ಕೂರಿಸಿದ ತಾಮ್ರದ ಹಂಡೆ, ಒಲೆಯ ಬಾಯಿಗೆ ತೆಂಗಿನ ಗರಿ, ಕರಟ, ಅಡಕೆಯ ಸಿಪ್ಪೆ, ಹಿತ್ತಿಲ ಕಸಕಡ್ಡಿ. ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ ಬಂದಿತೆಂದರೆ ಆ ಹಂಡೆಗೆ ದೇವರ ಮರ್ಯಾದೆ. ಅದನ್ನು ಹುಣಿಸೆಹಣ್ಣಿನಿಂದ ಉಜ್ಜಿ ಬೆಳಗಿ, ಸುಣ್ಣ ಕೆಮ್ಮಣ್ಣುಗಳ ಗೆರೆ ಎಳೆದು, ಕತ್ತಿಗೆ ಹೂಮಾಲೆ ತೊಡಿಸಿ ಹೊಸ ನೀರು ತುಂಬುವರು. ಮರುದಿನ ಬೆಳಕು ಹರಿಯುವ ಮುನ್ನವೇ ಮನೆಯ ಹಿರಿಯ ಹೆಂಗಸು ಮಕ್ಕಳ ನೆತ್ತಿಗೆ ಎಣ್ಣೆಯೊತ್ತಿ, ಒಬ್ಬೊಬ್ಬರನ್ನಾಗಿ ಆ ಹಬೆಯೊಳಕ್ಕೆ ಕಳುಹಿಸುವಳು.

ಆ ಬಚ್ಚಲು ಸುಖದ ತಾಣವೇನೂ ಆಗಿರಲಿಲ್ಲ. ಗೋಡೆಗಳೆಲ್ಲ ಮಸಿ ಹಿಡಿದಿರುತ್ತಿದ್ದವು. ಹಸಿ ಸೌದೆ ಒಟ್ಟಿದ ದಿನ ಕಣ್ಣು ಬಿಡುವುದೇ ಕಷ್ಟ. ದಿನವೂ ಒಲೆಯೂದಿದ ಹೆಂಗಸರು ಮುಪ್ಪಿನಲ್ಲಿ ಕೆಮ್ಮಿ ಕೆಮ್ಮಿ ಅದರ ಬಾಕಿಯನ್ನು ತೀರಿಸಬೇಕಾಗುತ್ತಿತ್ತು. ಅದನ್ನೆಲ್ಲ ಮರೆತು ಹಿಂದಿನದೆಲ್ಲ ಚಿನ್ನವೆನ್ನುವುದು ನ್ಯಾಯವಲ್ಲ. ಆದರೆ ಒಂದು ಮಾತು ನಿಜ. ಆ ಬಚ್ಚಲನ್ನು ಕಟ್ಟಿದ ಗಾರೆಯವನು ಒಲೆಗೆ ಜಾಗ ಗುರುತಿಸಿದೊಡನೆಯೇ ತಲೆಯೆತ್ತಿ ಮಾಡಿನ ಕಡೆ ನೋಡುತ್ತಿದ್ದನು. ಹೊಗೆ ಎಲ್ಲಿಂದ ಹೊರಬೀಳಬೇಕು? ಹೆಂಚುಗಳ ನಡುವೆ ಒಂದು ಸಂದನ್ನೋ ಗೋಡೆಯ ನೆತ್ತಿಯಲ್ಲಿ ಒಂದು ಗಂಡಿಯನ್ನೋ ಬಿಡದೆ ಅವನು ಒಲೆ ಹಾಕುತ್ತಿರಲಿಲ್ಲ. ತರುವಾಯ ಬಂದ ತಾಮ್ರದ ಬಾಯ್ಲರಿನಲ್ಲಿಯೂ ಈ ವಿವೇಕ ಉಳಿದಿತ್ತು. ಉರುಟಾದ ಪಾತ್ರೆಯ ನಟ್ಟನಡುವೆ ಒಂದು ಕೊಳವೆ. ಕೆಳಗೆ ಕರಟದ ಉರಿ. ಹೊಗೆ ಆ ಕೊಳವೆಯಲ್ಲಿ ಮೇಲೇರುವಾಗಲೇ ಸುತ್ತಲ ನೀರು ಕಾಯುವುದು. ಹೊಗೆ ಕಣ್ಣಿಗೆ ಕಾಣುತ್ತಿತ್ತು, ಕಣ್ಣನ್ನು ಉರಿಸುತ್ತಿತ್ತು. ಆದುದರಿಂದಲೇ ಅದರ ದಾರಿಯನ್ನು ಎಲ್ಲರೂ ಯೋಚಿಸುತ್ತಿದ್ದರು.

ಇಂದಿನ ಬಚ್ಚಲಿನಲ್ಲಿ ಒಲೆಯೇ ಇಲ್ಲವೆಂದು ಜನ ನಂಬಿದ್ದಾರೆ. ನುಣುಪಾದ ಟೈಲ್ಸು ಹೊದೆದ ಗೋಡೆಯ ಮೇಲೆ ಒಂದು ಬಿಳಿಯ ಪೆಟ್ಟಿಗೆ ತೂಗುತ್ತಿರುತ್ತದೆ. ನಲ್ಲಿ ತಿರುಗಿಸಿದೊಡನೆ ಒಳಗೆ ಟಿಕ್ ಟಿಕ್ ಎಂಬ ಸದ್ದು, ಭುಗ್ಗೆಂದು ಉರಿ, ಅರೆನಿಮಿಷದಲ್ಲಿ ಬಿಸಿನೀರು. ಇದೇ ಗ್ಯಾಸ್ ಗೀಸರು. ಸೌದೆ ಬೇಡ, ಮಸಿಯಿಲ್ಲ, ಕಾಯಬೇಕಾದುದಿಲ್ಲ. ವಿದ್ಯುತ್ತು ಹೋದರೂ ಚಿಂತೆಯಿಲ್ಲ. ಆದರೆ ಅದೂ ಒಲೆಯೇ. ನೆಲದ ಮೇಲಿದ್ದುದು ಗೋಡೆಗೆ ಏರಿದೆ, ಅಷ್ಟೆ.

‘ಗೀಸರು’ ಎಂಬ ಹೆಸರೇ ಬಹುದೂರದಿಂದ ಬಂದಿರುವುದು. ಐಸ್ಲೆಂಡ್ ದ್ವೀಪದಲ್ಲಿ ನೆಲದಿಂದ ಬಿಸಿನೀರನ್ನು ಮುಗಿಲಿಗೆ ಚಿಮ್ಮಿಸುವ ಒಂದು ಬುಗ್ಗೆಯಿದೆ; ಅದರ ಹೆಸರು ಗೇಸಿರ್. 1868ರಲ್ಲಿ ಲಂಡನ್ನಿನ ಬೆಂಜಮಿನ್ ವಾಡಿ ಮಾನ್ ಎಂಬಾತನು ಅನಿಲದ ಉರಿಯಿಂದ ಹರಿಯುವ ನೀರನ್ನು ತತ್‌ಕ್ಷಣವೇ ಕಾಯಿಸುವ ಯಂತ್ರವನ್ನು ರಚಿಸಿ, ಅದಕ್ಕೆ ಆ ಬುಗ್ಗೆಯ ಹೆಸರನ್ನೇ ಇಟ್ಟನು. ಯಂತ್ರ ಚಮತ್ಕಾರದ್ದೇ ಆಗಿತ್ತು; ಆದರೆ ಅದಕ್ಕೆ ಹೊಗೆಕೊಳವೆ ಇರಲಿಲ್ಲ. ಉರಿದ ಅನಿಲವೆಲ್ಲ ಸ್ನಾನ ಮಾಡುವವನ ಕೋಣೆಯಲ್ಲಿಯೇ ಉಳಿಯುತ್ತಿತ್ತು. ಆ ಮೊದಲ ಗೀಸರಿನ ಲೋಪ ಒಂದೂವರೆ ಶತಮಾನದ ಮೇಲೂ ಎಷ್ಟೋ ಮನೆಗಳ ಬಚ್ಚಲುಗಳಲ್ಲಿ ಹಾಗೆಯೇ ಮುಂದುವರಿದಿದೆ. ಅದು ಯಂತ್ರವನ್ನು ಮಾಡಿದವರ ಲೋಪವೆನ್ನುವುದಕ್ಕಿಂತ ಅದನ್ನು ಗೋಡೆಗೆ ಏರಿಸಿದವರ ಲೋಪ.

ಅಂಥ ಮನೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಹೆಸರು ಬೇಡ; ಮೈಸೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಅಂಥವು ಒಂದೆರಡಲ್ಲ.

ಮೈಸೂರಿನ ಹೊಸ ಬಡಾವಣೆಯೊಂದರಲ್ಲಿ ಒಬ್ಬ ಗೃಹಸ್ಥರು ಮನೆ ಕಟ್ಟಿಸಿದರು. ಮನೆ ಕಟ್ಟಿ ನೋಡು ಎಂಬ ಗಾದೆಯನ್ನು ಅವರು ಅಕ್ಷರಶಃ ಅನುಭವಿಸಿದ್ದರು. ಗೃಹಪ್ರವೇಶದ ಹೊತ್ತಿಗೆ ಕೈ ಬರಿದಾಗಿತ್ತು. ಬಿಸಿಲಿನಿಂದ ನೀರು ಕಾಯಿಸುವ ಸೌರಯಂತ್ರದ ಯೋಚನೆ ಹಿಂದೆ ಬಿದ್ದು, ಕಡಮೆ ಬೆಲೆಯ ಗ್ಯಾಸ್ ಗೀಸರು ಮುಂದೆ ಬಂದಿತು. ಅಂಗಡಿಯವರು ನಿಮಿಷಕ್ಕೆ 6 ಲೀಟರು ಬಿಸಿನೀರು ಕೊಡುವ ಗೀಸರನ್ನು ಆರಿಸಿಕೊಟ್ಟು, ಮರುದಿನವೇ ಒಬ್ಬ ತರುಣನನ್ನು ಕಳುಹಿಸಿಕೊಟ್ಟರು. ಅವನ ಹೆಗಲಿಗೆ ಒಂದು ಚೀಲ, ಚೀಲದಲ್ಲಿ ಒಂದು ಡ್ರಿಲ್ಲು, ಎರಡು ಸ್ಪ್ಯಾನರು, ಅರ್ಧ ಸುರುಳಿ ಬಿಳಿಯ ಟೇಪು. ಅಂದು ಅವನಿಗೆ ಇನ್ನೂ ನಾಲ್ಕು ಮನೆಗಳ ಕೆಲಸವಿತ್ತು.

“ಎಲ್ಲಿ ಹಾಕಲಿ ಸಾರ್?” ಎಂದು ಅವನು ಕೇಳಿದನು. ಕೇಳಬೇಕಾದವರು ಯಾರು, ಹೇಳಬೇಕಾದವರು ಯಾರು ಎಂಬುದು ಆ ಕ್ಷಣದಲ್ಲಿಯೇ ತಲೆಕೆಳಗಾಯಿತು. ಗೃಹಸ್ಥರು ಬ್ಯಾಂಕಿನ ಲೆಕ್ಕಪತ್ರಗಳನ್ನು ಬಲ್ಲವರು; ಉರಿಯ ವಿಷಯವನ್ನು ಬಲ್ಲವರಲ್ಲ. ಅವರು ಬಚ್ಚಲಿನ ಒಳಗೋಡೆಯನ್ನು ತೋರಿಸಿದರು. ತರುಣನು ಮರುಮಾತಾಡದೆ ಅಲ್ಲಿಯೇ ತೂತು ಕೊರೆದನು. ಬಚ್ಚಲಿಗೆ ಇದ್ದುದು ಒಂದೇ ಸಣ್ಣ ಕಿಟಕಿ. ಚಳಿಗಾಳಿ ಬರುವುದೆಂದು ಅದಕ್ಕೆ ಆ ಮುಂಚೆಯೇ ಗಾಜು ಕೂರಿಸಿ ಅಂಚಿಗೆ ಮೇಣ ಮೆತ್ತಲಾಗಿತ್ತು. ತರುಣನು ಅದನ್ನು ಕಂಡನು; ಏನೂ ಹೇಳಲಿಲ್ಲ. ಪೆಟ್ಟಿಗೆಯ ಜೊತೆ ಬಂದ ಸೂಚನಾಪತ್ರ ಪ್ಲಾಸ್ಟಿಕ್ಕಿನ ಹೊದಿಕೆಯಲ್ಲಿಯೇ ಉಳಿದು ಅಟ್ಟ ಸೇರಿತು. ಗಾಳಿಯಾಡುವ ಕಡೆಯಲ್ಲಿಯೇ ಗೀಸರನ್ನು ಕೂರಿಸಬೇಕೆಂಬುದು ಅದರ ಮೊದಲ ಪುಟದಲ್ಲಿಯೇ ಮುದ್ರಿತವಾಗಿತ್ತು. ಕೊನೆಗೆ ತರುಣನು ಅನಿಲದ ಕೊಳವೆಯ ಜೋಡಣೆಯನ್ನು ಪರೀಕ್ಷಿಸಲು ಬೆಂಕಿಕಡ್ಡಿ ಗೀರಿ ಹಿಡಿದನು! ಸೋರಿಕೆಯಿದ್ದಿದ್ದರೆ ಅದೇ ಅವನ ಕೊನೆಯ ಪರೀಕ್ಷೆಯಾಗಬಹುದಾಗಿತ್ತು. ನೀರು ಬಿಸಿಯಾಗಿ ಬಂದಿತು. ಮುಕ್ಕಾಲು ಗಂಟೆಯಲ್ಲಿ ಎಲ್ಲವೂ ಮುಗಿದಿತ್ತು. ಕಾಫಿಗೆಂದು ಅವನಿಗೆ ಇನ್ನೂರು ರೂಪಾಯಿ ಸಂದಿತು.

ಮಾರ್ಗಶಿರದ ಚಳಿಗೆ ಮಲೆನಾಡಿನಿಂದ ಗೃಹಸ್ಥರ ತಾಯಿ ಬಂದರು. ಮೊದಲನೆಯ ದಿನ ಬಚ್ಚಲಿಗೆ ಹೋಗಿ ಬಂದ ಅಜ್ಜಿ, ತಲೆ ಒರೆಸಿಕೊಳ್ಳುತ್ತ ಮಗನನ್ನು ಕೇಳಿದರು: “ಅಲ್ಲ ಮಾರಾಯ, ಆ ಪೆಟ್ಟಿಗೆಯೊಳಗೆ ಉರಿ ಕಾಣ್ತದೆ. ಉರಿ ಇದ್ದ ಮೇಲೆ ಹೊಗೆ ಇರಬೇಕಲ್ಲ? ಅದು ಎಲ್ಲಿಗೆ ಹೋಗ್ತದೆ?”

“ಗ್ಯಾಸಿಗೆ ಹೊಗೆ ಇರೋದಿಲ್ಲಮ್ಮ” ಎಂದು ಮಗ ನಕ್ಕರು.

ಪ್ರಾಚೀನ ತಾರ್ಕಿಕರು ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ಊಹಿಸಿದರು. ಬೆಂಕಿಯನ್ನು ಕಂಡು ಹೊಗೆಯಿದೆಯೆಂದು ಊಹಿಸುವುದನ್ನು ಅವರು ಒಪ್ಪಲಿಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲವಲ್ಲ ಎಂದರು. ತರ್ಕದ ಪಾಠಶಾಲೆಯಲ್ಲಿ ಮಗನೇ ಗೆಲ್ಲುತ್ತಿದ್ದರೇನೋ. ಬಚ್ಚಲಿನಲ್ಲಿ ಮಾತ್ರ ಅಜ್ಜಿಯ ತರ್ಕವೇ ಸರಿ.

ದಿನಗಳು ಕಳೆದಂತೆ ಮನೆಯಲ್ಲಿ ಒಂದು ಬಗೆಯ ತಲೆನೋವು ನೆಲೆಸಿತು. ಸ್ನಾನವಾದ ಮೇಲೆ ಹಣೆ ಸಿಡಿಯುವುದು, ಹೊಟ್ಟೆ ತೊಳಸುವುದು, ಕಾಲು ಸೋತಂತಾಗುವುದು. ಗೃಹಿಣಿ ಪಿತ್ತವೆಂದರು, ಗೃಹಸ್ಥರು ಕನ್ನಡಕದ ನಂಬರು ಬದಲಾಗಿರಬೇಕೆಂದರು. ಒಂಬತ್ತನೆಯ ತರಗತಿಯಲ್ಲಿದ್ದ ಮಗಳಿಗೆ ಪರೀಕ್ಷೆಯ ಭಯವೆಂದು ಇಬ್ಬರೂ ಸೇರಿ ತೀರ್ಮಾನಿಸಿದರು. ವಿಚಿತ್ರವೆಂದರೆ ಮೊದಲು ಸ್ನಾನ ಮಾಡಿದವರಿಗೆ ನೋವು ಅಷ್ಟಾಗಿ ಬರುತ್ತಿರಲಿಲ್ಲ, ಕೊನೆಯವರಿಗೆ ತಪ್ಪುತ್ತಿರಲಿಲ್ಲ. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಗೀಸರಿನ ನೀಲಿ ಉರಿಯ ತುದಿ ಹಳದಿಯಾಗಿದ್ದುದನ್ನೂ, ಅದರ ನೆತ್ತಿಯ ಗೋಡೆ ಮಾಸುತ್ತಿದ್ದುದನ್ನೂ ಯಾರೂ ಗಮನಿಸಲಿಲ್ಲ.

ಒಂದು ಭಾನುವಾರ ಎಲ್ಲರಿಗೂ ಎಣ್ಣೆಸ್ನಾನ. ಅಜ್ಜಿಯದಾಯಿತು, ತಾಯಿಯದಾಯಿತು, ಕೊನೆಗೆ ಮಗಳು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಉದ್ದ ಕೂದಲು, ಸೀಗೆಪುಡಿ. ಹೊತ್ತು ಹಿಡಿಯುವುದು ಸಹಜವೇ. ನಲ್ಲಿಯ ನೀರು ಒಂದೇ ಸಮನೆ ಸುರಿಯುತ್ತಿದ್ದ ಸದ್ದು ಅಜ್ಜಿಯ ಕಿವಿಗೆ ಬಿದ್ದಿತು. ತಂಬಿಗೆಯ ಸದ್ದು ಮಾತ್ರ ಇಲ್ಲ. “ಪುಟ್ಟೀ” ಎಂದು ಕರೆದರು. ಉತ್ತರವಿಲ್ಲ. ಮತ್ತೆ ಕರೆದರು. ತಂದೆ ಬಂದು ಬಾಗಿಲಿಗೆ ಹೆಗಲು ಕೊಟ್ಟರು. ಮೂರನೆಯ ಬಾರಿಗೆ ಚಿಲಕ ಕಿತ್ತು ಬಂದಿತು. ಹುಡುಗಿ ಗೋಡೆಗೆ ಒರಗಿ ಕುಳಿತಿದ್ದಳು, ಕಣ್ಣು ಅರೆತೆರೆದಿತ್ತು, ಮಾತಿರಲಿಲ್ಲ. ತಲೆಯ ಮೇಲೆ ಬಿಳಿಯ ಪೆಟ್ಟಿಗೆ ಸದ್ದಿಲ್ಲದೆ ಉರಿಯುತ್ತಿತ್ತು.

ಅವಳನ್ನು ನಡುಮನೆಗೆ ಎತ್ತಿ ತಂದು ಬಾಗಿಲು ಕಿಟಕಿಗಳನ್ನು ತೆರೆದರು. ತಾಯಿ ಕೋವಿಡ್ ಕಾಲದಲ್ಲಿ ಕೊಂಡಿದ್ದ, ಬೆರಳಿಗೆ ಸಿಕ್ಕಿಸುವ ಆಮ್ಲಜನಕದ ಮಾಪಕವನ್ನು ಹುಡುಕಿ ತಂದರು. ಅದು 98 ಎಂದು ತೋರಿಸಿತು. ಎಲ್ಲ ಸರಿಯಾಗಿದೆಯೆಂದು ಆ ಅಂಕಿ ಹೇಳುತ್ತಿದ್ದರೂ ಅಜ್ಜಿ ಒಪ್ಪಲಿಲ್ಲ. ಆಸ್ಪತ್ರೆಯಲ್ಲಿ ವೈದ್ಯೆ ಕೇಳಿದ ಮೊದಲ ಪ್ರಶ್ನೆಯೇ, “ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆಯಾ?” ಎಂಬುದು. ರಕ್ತಪರೀಕ್ಷೆ ಅವರ ಸಂಶಯವನ್ನು ದೃಢಪಡಿಸಿತು. ಹುಡುಗಿಗೆ ಗಂಟೆಗಟ್ಟಲೆ ಶುದ್ಧ ಆಮ್ಲಜನಕ ಕೊಟ್ಟರು. ಸಂಜೆಯ ವೇಳೆಗೆ ಅವಳು ಎದ್ದು ಕುಳಿತು ನೀರು ಕೇಳಿದಳು.

ಏನಾಗಿತ್ತು? ಲೆಕ್ಕ ಕಷ್ಟದ್ದಲ್ಲ. ಅಡುಗೆ ಅನಿಲ 1 ಕಿಲೋಗ್ರಾಂ ಪೂರ್ಣವಾಗಿ ಉರಿಯಬೇಕಾದರೆ ಸುಮಾರು 13 ಘನ ಮೀಟರು ಗಾಳಿ ಬೇಕು. 6 ಲೀಟರಿನ ಗೀಸರು ಪೂರ್ಣ ಉರಿಯಲ್ಲಿ ಗಂಟೆಗೆ ಹತ್ತಿರ ಹತ್ತಿರ 1 ಕಿಲೋಗ್ರಾಂ ಅನಿಲವನ್ನು ಸುಡುವುದು. ಐದಡಿ ಅಗಲ, ಏಳಡಿ ಉದ್ದ, ಎಂಟಡಿ ಎತ್ತರದ ಬಚ್ಚಲಿನಲ್ಲಿರುವ ಒಟ್ಟು ಗಾಳಿಯೇ 8 ಘನ ಮೀಟರು. ಮುಚ್ಚಿದ ಕೋಣೆಯಲ್ಲಿ ಕಾಲು ಗಂಟೆ ಗೀಸರು ಉರಿದರೆ ಮೂರು ಘನ ಮೀಟರಿಗೂ ಹೆಚ್ಚು ಗಾಳಿಯ ಆಮ್ಲಜನಕವನ್ನು ಅದು ನುಂಗಿರುತ್ತದೆ. ಒಬ್ಬರ ಹಿಂದೆ ಒಬ್ಬರು ಮೂವರು ಮಿಂದರೆ ಹೇಳುವುದೇನಿದೆ?

ಆಮ್ಲಜನಕ ಸಾಕಷ್ಟಿದ್ದಾಗ ಅನಿಲವು ಉರಿದು ನೀರಾವಿಯಾಗಿ, ಕಾರ್ಬನ್ ಡೈಆಕ್ಸೈಡಾಗಿ ಹೋಗುತ್ತದೆ. ಆಮ್ಲಜನಕ ಕಡಮೆಯಾಗುತ್ತ ಬಂದಂತೆ ಉರಿ ಅರೆಹೊಟ್ಟೆಯಾಗುತ್ತದೆ. ಕಾರ್ಬನ್ ಮಾನಾಕ್ಸೈಡು ಎಂಬ ಬೇರೊಂದು ಅನಿಲ ಹುಟ್ಟುತ್ತದೆ. ಚಳಿಗಾಲದ ರಾತ್ರಿ ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿದವರು ಬೆಳಗ್ಗೆ ಏಳದೆ ಹೋಗುವುದು ಇದರಿಂದಲೇ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕಣ್ಣನ್ನು ಉರಿಸುವುದಿಲ್ಲ, ಕೆಮ್ಮು ತರಿಸುವುದಿಲ್ಲ. ಸಿಲಿಂಡರಿನ ಅನಿಲ ಸೋರಿದರೆ ಮೂಗಿಗೆ ತಿಳಿಯಲೆಂದು ಅದಕ್ಕೆ ಬೇಕೆಂದೇ ಒಂದು ದುರ್ವಾಸನೆಯ ದ್ರವ್ಯವನ್ನು ಬೆರೆಸಿರುತ್ತಾರೆ. ಉರಿದ ಮೇಲೆ ಹುಟ್ಟುವ ಈ ವಿಷಕ್ಕೆ ಅಂಥ ಎಚ್ಚರಿಕೆಯ ಗಂಟೆಯಿಲ್ಲ. ಆದುದರಿಂದ ‘ವಾಸನೆ ಬರುತ್ತಿಲ್ಲವಲ್ಲ’ ಎಂಬ ಸಮಾಧಾನಕ್ಕೆ ಇಲ್ಲಿ ಬೆಲೆಯಿಲ್ಲ.

ಈ ಅನಿಲವು ರಕ್ತವನ್ನು ಹೇಗೆ ವಂಚಿಸುವುದೆಂಬುದನ್ನು ಫ್ರಾನ್ಸಿನ ಶರೀರವಿಜ್ಞಾನಿ ಕ್ಲಾಡ್ ಬರ್ನಾರ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ತೋರಿಸಿಕೊಟ್ಟಿದ್ದನು. ರಕ್ತದ ಹೀಮೊಗ್ಲೋಬಿನ್ ಆಮ್ಲಜನಕವನ್ನು ಹೊತ್ತು ಮೈಯೆಲ್ಲ ಹಂಚುವ ಆಳು. ಕಾರ್ಬನ್ ಮಾನಾಕ್ಸೈಡು ಅದೇ ಆಳಿನ ಹೆಗಲನ್ನು ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದು ಕೂರುತ್ತದೆ. ಆಮ್ಲಜನಕಕ್ಕೆ ಜಾಗವೇ ಉಳಿಯುವುದಿಲ್ಲ. ಬೆರಳಿನ ಮಾಪಕ ರಕ್ತದ ಕೆಂಪನ್ನು ನೋಡಿ ಹೇಳುವ ಯಂತ್ರ. ವಿಷ ಹೊತ್ತ ರಕ್ತವೂ ಕೆಂಪಾಗಿಯೇ ಇರುವುದರಿಂದ ಅದು ಮೋಸಹೋಗುತ್ತದೆ. 98 ಎಂಬ ಅಂಕಿಯ ಗುಟ್ಟು ಇಷ್ಟೇ. ಬಯಲಿನ ಗಾಳಿಯಲ್ಲಿ ಈ ವಿಷದ ಅರ್ಧ ಭಾಗ ಇಳಿಯಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆಯೊಳಗೆ ಇಳಿಯುತ್ತದೆ. ಬಚ್ಚಲಿನಲ್ಲಿ ಹೀಗೆ ಬಿದ್ದವರನ್ನು ಮೂರ್ಛೆರೋಗಿಗಳೆಂದು ಭ್ರಮಿಸಿದ ಪ್ರಸಂಗಗಳನ್ನು ಭಾರತದ ವೈದ್ಯರು ತಮ್ಮ ಪತ್ರಿಕೆಗಳಲ್ಲಿ ದಾಖಲಿಸಿದ್ದಾರೆ. ಗೀಸರಿನ ಸಂಗತಿಯನ್ನು ಮನೆಯವರು ತಾವಾಗಿಯೇ ವೈದ್ಯರಿಗೆ ಹೇಳಬೇಕಾದುದು ಅದಕ್ಕಾಗಿಯೇ.

ಮಗಳು ಮನೆಗೆ ಬಂದ ಮರುದಿನ ಗೃಹಸ್ಥರು ನ್ಯಾಯ ಕೇಳಲು ಹೊರಟರು. ಅಂಗಡಿಯವರು ಸಹಾನುಭೂತಿಯಿಂದಲೇ ಕುರ್ಚಿ ಹಾಕಿಸಿದರು. “ನಾವು ಮಾಲು ಮಾರೋರು ಸ್ವಾಮಿ, ಫಿಟ್ಟಿಂಗ್ ಮಾಡಿದೋನನ್ನು ಕೇಳಿ” ಎಂದರು. ತರುಣನು, “ನೀವು ತೋರಿಸಿದ ಜಾಗದಲ್ಲೇ ಹಾಕಿದೆ ಸಾರ್. ಕಿಟಕಿ ಮುಚ್ಚಿದ್ದು ನಾನಲ್ಲ” ಎಂದನು. ಕಿಟಕಿ ಮುಚ್ಚಿದ ಮೇಸ್ತ್ರಿಯು, “ಚಳಿ ಬರ್ತದೆ, ಗಾಜು ಹಾಕು ಅಂದೋರು ಅಮ್ಮಾವ್ರೇ. ಅಲ್ಲಿ ಗ್ಯಾಸು ಬರ್ತದೆ ಅಂತ ನನಗೆ ಯಾರು ಹೇಳಿದ್ರು?” ಎಂದನು. ಯಂತ್ರದ ಕಂಪೆನಿಯಿಂದ ಬಂದವನು ಗೀಸರನ್ನು ಬಿಚ್ಚಿ ನೋಡಿ, ಮತ್ತೆ ಮುಚ್ಚಿ, “ಯಂತ್ರದಲ್ಲಿ ದೋಷ ಇಲ್ಲ” ಎಂದು ಬರೆದುಕೊಟ್ಟನು.

ನಾಲ್ವರ ಮಾತಿನಲ್ಲಿಯೂ ಒಂದೊಂದು ಪಾಲು ಸತ್ಯವಿತ್ತು. ಯಂತ್ರ ಚೆನ್ನಾಗಿಯೇ ಇತ್ತು. ಕಿಟಕಿಯ ಗಾಜು ಚೆನ್ನಾಗಿಯೇ ಕುಳಿತಿತ್ತು. ತೂತುಗಳು ನೆಟ್ಟಗೆ ಇದ್ದವು. ಬೆಲೆಯೂ ನ್ಯಾಯವಾಗಿಯೇ ಇತ್ತು. ಎಲ್ಲರೂ ತಮ್ಮ ತಮ್ಮ ತುಂಡನ್ನು ಸರಿಯಾಗಿಯೇ ಮಾಡಿದ್ದರು. ತುಂಡುಗಳನ್ನು ಕೂಡಿಸಿ ನೋಡುವ ಕೆಲಸ ಮಾತ್ರ ಯಾರದೂ ಆಗಿರಲಿಲ್ಲ. ಹಳೆಯ ಗಾರೆಯವನೊಬ್ಬನೇ ಒಲೆಯನ್ನೂ ಗೋಡೆಯನ್ನೂ ಮಾಡನ್ನೂ ನೋಡುತ್ತಿದ್ದನು. ಈಗ ಒಲೆ ಒಬ್ಬನದು, ಗೋಡೆ ಇನ್ನೊಬ್ಬನದು, ಮಾಡು ಮತ್ತೊಬ್ಬನದು. ಹೊಗೆ ಯಾರದೂ ಅಲ್ಲ. ತಾವು ಬೆರಳು ತೋರಿಸಿದ ಗೋಡೆ ಗೃಹಸ್ಥರ ಕಣ್ಣಿನಿಂದ ಹಲವು ರಾತ್ರಿ ಮರೆಯಾಗಲಿಲ್ಲ.

ದಾರಿ ತೋರಿದವರು ಅವರ ಪತ್ನಿ. ರೇಷನ್ ಕಾರ್ಡನ್ನಿಟ್ಟಿದ್ದ ತಗಡಿನ ಡಬ್ಬಿಯಿಂದ ಗೀಸರಿನ ರಸೀತಿಯನ್ನು ತೆಗೆದು ಗಂಡನ ಮುಂದಿಟ್ಟರು. ಬೆಲೆಯ ಕೆಳಗೆ ‘ಅಳವಡಿಕೆ ಸೇರಿ’ ಎಂಬ ಎರಡು ಪದಗಳಿದ್ದವು. ಎಂದರೆ ಆ ತರುಣನನ್ನು ಕಳುಹಿಸಿದವರೂ, ಅವನ ಕೆಲಸಕ್ಕೆ ಹೊಣೆಯಾದವರೂ ಅಂಗಡಿಯವರೇ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ವಸ್ತುವಿನ ದೋಷವನ್ನಷ್ಟೇ ಅಲ್ಲ, ಸೇವೆಯ ನ್ಯೂನತೆಯನ್ನೂ ದೂರಿಗೆ ಕಾರಣವೆಂದು ಒಪ್ಪುತ್ತದೆ. ದೂರಿಗೆ ಕಾರಣ ಹುಟ್ಟಿದಂದಿನಿಂದ ಎರಡು ವರ್ಷದೊಳಗೆ ಜಿಲ್ಲಾ ಆಯೋಗದ ಮುಂದೆ ಹೋಗಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವೂ ಇಲ್ಲ. ಅದಕ್ಕೆ ಮುಂಚೆ 1915 ಎಂಬ ಸಂಖ್ಯೆಗೆ ಫೋನು ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು.

ಗೃಹಸ್ಥರು ಜಗಳವಾಡಲಿಲ್ಲ. ಗೀಸರು ಇದ್ದ ಸ್ಥಿತಿಯಲ್ಲಿಯೇ ಅದರ ಚಿತ್ರಗಳನ್ನು ತೆಗೆದರು: ಪೆಟ್ಟಿಗೆ, ಮುಚ್ಚಿದ ಕಿಟಕಿ, ಮಾಸಿದ ಗೋಡೆ, ಸೂಚನಾಪತ್ರದ ಮೊದಲ ಪುಟ. ಆಸ್ಪತ್ರೆಯ ವರದಿಯ ಪ್ರತಿಯನ್ನು ಜೊತೆಗಿಟ್ಟು, ಏನಾಯಿತು, ಏನಾಗಬೇಕು, ಎಷ್ಟು ದಿನದೊಳಗೆ ಎಂಬುದನ್ನು ಒಂದೇ ಪುಟದಲ್ಲಿ ಬರೆದು ಅಂಗಡಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿದರು. ಬಾಯಿಮಾತಿಗೆ ಬಾಯಿಮಾತಿನ ಉತ್ತರ. ಕಾಗದಕ್ಕೆ ಕಾಗದದ ಉತ್ತರ. ನಾಲ್ಕನೆಯ ದಿನ ಅಂಗಡಿಯ ಯಜಮಾನರು ತಾವೇ ಬಂದರು. ಜೊತೆಯಲ್ಲಿ ನುರಿತ ಕೆಲಸಗಾರನೊಬ್ಬನಿದ್ದನು. ನಡುವಯಸ್ಸು ದಾಟಿದ ಆತನು ಚೀಲ ಬಿಚ್ಚುವ ಮೊದಲು ಮನೆಯ ಸುತ್ತ ಒಂದು ಪ್ರದಕ್ಷಿಣೆ ಬಂದನು. ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಬಳಿ ನಿಂತು ಮೇಲೆ ನೋಡಿದನು. “ಇಲ್ಲಿ ಸೂರಿದೆ, ಮಳೆ ಬೀಳೋದಿಲ್ಲ. ಮೂರು ಕಡೆ ಬಯಲು. ಯಂತ್ರ ಇಲ್ಲಿರಲಿ ಸ್ವಾಮಿ, ಒಳಕ್ಕೆ ಬರೀ ನೀರು ಹೋಗಲಿ” ಎಂದನು.

ಅರ್ಧ ದಿನದ ಕೆಲಸ. ಗೀಸರು ಹೊರಗೋಡೆಗೆ ಹೋಯಿತು. ಸಿಲಿಂಡರು ಅದರ ಪಕ್ಕದಲ್ಲಿ ನೆರಳಿನಲ್ಲಿ ನೆಟ್ಟಗೆ ನಿಂತಿತು. ಬಿಸಿನೀರಿನ ಕೊಳವೆಯೊಂದೇ ಗೋಡೆ ದಾಟಿ ಬಚ್ಚಲಿಗೆ ಬಂದಿತು. ಕಿಟಕಿಯ ಗಾಜು ಇಳಿದು ತಂತಿಯ ಬಲೆ ಬಂದಿತು. ಜೋಡಣೆಗಳಿಗೆ ಆತನು ಬೆಂಕಿಕಡ್ಡಿ ಹಿಡಿಯಲಿಲ್ಲ. ಸೋಪಿನ ನೊರೆ ಹಚ್ಚಿ ಗುಳ್ಳೆಯೇಳುವುದೇ ಎಂದು ನೋಡಿದನು. ಉರಿ ಹೊತ್ತಿಸಿ, ಅದು ನೀಲಿಯಾಗಿಯೇ ಇದೆಯೆಂದು ಮನೆಯವರೆಲ್ಲರನ್ನೂ ಕರೆದು ತೋರಿಸಿದನು. ಅಜ್ಜಿಯನ್ನೂ ಕರೆದನು.

ಗೀಸರಿನ ಕೆಲಸವನ್ನು ಯಾರು ಮಾಡಬೇಕೆಂಬುದಕ್ಕೆ ಬ್ರಿಟನ್ನಿನಲ್ಲಿ ಕಟ್ಟುನಿಟ್ಟಾದ ನಿಯಮವಿದೆ. ‘ಗ್ಯಾಸ್ ಸೇಫ್ ರಿಜಿಸ್ಟರ್’ ಎಂಬ ಪಟ್ಟಿಯಲ್ಲಿ ಹೆಸರಿಲ್ಲದವನು ಸಂಬಳಕ್ಕಾಗಿ ಮನೆಯ ಗ್ಯಾಸ್ ಬಾಯ್ಲರನ್ನು ಕೂರಿಸಿದರೆ ಅದು ಅಪರಾಧ. 2009ರಿಂದ ಈ ಪಟ್ಟಿ ಜಾರಿಯಲ್ಲಿದೆ. ಅದಕ್ಕೂ ಹಿಂದೆ ಬೇರೊಂದು ಪಟ್ಟಿಯಿತ್ತು. ಭಾರತದಲ್ಲಿ ಯಂತ್ರಕ್ಕೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 15558 ಎಂಬ ಮಾನಕವಿದೆ. ಕೊಳ್ಳುವವರು ಪೆಟ್ಟಿಗೆಯ ಮೇಲೆ ಐಎಸ್‌ಐ ಗುರುತನ್ನು ನೋಡಿ ಕೊಳ್ಳುವುದು ಒಳ್ಳೆಯದು. ಆದರೆ ಯಂತ್ರದ ಗುರುತು ಅದನ್ನು ಕೂರಿಸುವ ಕೈಗೆ ಗುರುತಾಗುವುದಿಲ್ಲ. ಆ ಕೈಯನ್ನು ಮನೆಯವರೇ ಪರೀಕ್ಷಿಸಿಕೊಳ್ಳಬೇಕಾಗುತ್ತದೆ.

ಪರೀಕ್ಷೆಗೆ ದೊಡ್ಡ ವಿದ್ಯೆ ಬೇಡ. ಕೂರಿಸಲು ಬಂದವನನ್ನು ಕೆಲಸಕ್ಕೆ ಮೊದಲೇ ಎರಡು ಮಾತು ಕೇಳಿದರೆ ಸಾಕು: ಉರಿಗೆ ಗಾಳಿ ಎಲ್ಲಿಂದ ಬರುತ್ತದೆ? ಉರಿದದ್ದು ಎಲ್ಲಿಗೆ ಹೋಗುತ್ತದೆ? ಎರಡಕ್ಕೂ ಕೈ ಮಾಡಿ ತೋರಿಸಬಲ್ಲವನು ಕೆಲಸ ಬಲ್ಲವನು. ‘ಎಲ್ಲರ ಮನೆಯಲ್ಲೂ ಹೀಗೇ ಹಾಕಿದ್ದೀವಿ’ ಎನ್ನುವವನನ್ನು ನಯವಾಗಿ ಕಳುಹಿಸಿಕೊಡುವುದೇ ಲೇಸು. ಅಳವಡಿಕೆಯೂ ಸೇರಿರುವುದೆಂದು ರಸೀತಿಯಲ್ಲಿ ಬರೆಯಿಸಿಕೊಳ್ಳಬೇಕು. ಬಚ್ಚಲಿನ ಒಳಗೆ ಈಗಾಗಲೇ ಗ್ಯಾಸ್ ಗೀಸರು ಇರುವ ಮನೆಯವರು ಅದನ್ನು ಹೊರಕ್ಕೆ ಸಾಗಿಸುವ ದಿನದವರೆಗೆ ಇಷ್ಟನ್ನಾದರೂ ಮಾಡಬೇಕು: ಬಾಗಿಲನ್ನೂ ಕಿಟಕಿಯನ್ನೂ ತೆರೆದಿಟ್ಟು ಬಕೀಟಿಗೆ ನೀರು ತುಂಬಿಕೊಂಡು, ಗೀಸರನ್ನು ಆರಿಸಿ, ಗಾಳಿಯಾಡಿದ ಮೇಲೆ ಒಳಗೆ ಹೋಗಿ ಮೀಯಬೇಕು. ಉರಿ ಹಳದಿಗೆ ತಿರುಗಿದ್ದರೆ, ಗೋಡೆ ಮಾಸಿದ್ದರೆ, ಸ್ನಾನದ ಬಳಿಕ ಮನೆಮಂದಿಗೆ ತಲೆನೋವು ಬರುತ್ತಿದ್ದರೆ ಅಂದೇ ಅದನ್ನು ನಿಲ್ಲಿಸಬೇಕು.

ಯಾರಾದರೂ ಒಳಗೆ ಬಿದ್ದಿರುವರೆಂಬ ಶಂಕೆ ಬಂದರೆ ಬಾಗಿಲು ಒಡೆಯಲು ಹಿಂಜರಿಯಬಾರದು. ಮೊದಲು ಅವರನ್ನು ಬಯಲಿಗೆ ತರಬೇಕು. ಹಾಗೆಯೇ ಅನಿಲವನ್ನು ನಿಲ್ಲಿಸಬೇಕು. 108ಕ್ಕೋ 112ಕ್ಕೋ ಕರೆ ಮಾಡಬೇಕು. ಎದ್ದು ಕುಳಿತರು, ಮಾತಾಡಿದರು ಎಂದು ಆಸ್ಪತ್ರೆಗೆ ಹೋಗುವುದನ್ನು ಬಿಡಬಾರದು. ಸಿಲಿಂಡರಿನ ಅನಿಲ ಸೋರುವ ವಾಸನೆ ಬಂದರೆ ಅದು ಬೇರೆಯ ಸಂಗತಿ. ಅದಕ್ಕೆ 1906 ಎಂಬ ತುರ್ತು ಸಂಖ್ಯೆಯಿದೆ.

ಆ ಮನೆಯ ಹುಡುಗಿ ಈಗ ಎಂದಿನಂತೆ ಶಾಲೆಗೆ ಹೋಗುತ್ತಿದ್ದಾಳೆ. ಬಚ್ಚಲಿನ ಬಾಗಿಲಿಗೆ ಹೊಸ ಚಿಲಕ ಬಂದಿದೆ. ಮುರಿದ ಹಳೆಯದರ ಗುರುತು ಚೌಕಟ್ಟಿನ ಮೇಲೆ ಇನ್ನೂ ಉಳಿದಿದೆ. ಅಜ್ಜಿ ಊರಿಗೆ ಹೊರಟ ದಿನ ಬೆಳಗ್ಗೆ ಮಿಂದು ಬಂದು ಹಿತ್ತಿಲ ಬಾಗಿಲಲ್ಲಿ ನಿಂತರು. ಹೊರಗೋಡೆಯ ಪೆಟ್ಟಿಗೆ ಉರಿಯುತ್ತಿತ್ತು; ಮುಂದಿನ ಸ್ನಾನ ಮೊಮ್ಮಗಳದು. ಮುಂಜಾನೆಯ ಚಳಿಯಲ್ಲಿ ಗೀಸರಿನ ನೆತ್ತಿಯಿಂದ ತೆಳ್ಳಗೆ ಬಿಸಿಯುಸಿರೊಂದು ಎದ್ದು, ಸೂರಿನ ಅಂಚನ್ನು ದಾಟಿ, ಬೆಳಕಿನಲ್ಲಿ ಕರಗಿಹೋಗುತ್ತಿತ್ತು.

“ಹಾಂ, ಈಗ ಹೋಗ್ತಾ ಇದೆ” ಎಂದು ಅಜ್ಜಿ ಒಳಗೆ ಬಂದರು.